ಆಟ ನಮ್ಮದು, ನೋಡಬೇಕಾದವರು ನೀವು

ಮುಳವಾಡ ಭಾಗದ ವಿಮುಕ್ತ ಸಮುದಾಯಗಳ ಹಕ್ಕೊತ್ತಾಯ ಪತ್ರ

ಇವರಿಗೆ: ವಿಜಯಪುರ ಜಿಲ್ಲಾಡಳಿತ, ಜಿಲ್ಲಾ ಪಂಚಾಯಿತಿ, ಪೊಲೀಸ್, ಆರೋಗ್ಯ, ಶಿಕ್ಷಣ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಗಳು, ಜೊತೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಊರುಗಳ ಹಿರಿಯರು.

ಇವರಿಂದ: ಛಪ್ಪರಬಂದ, ಹರಣಶಿಕಾರಿ, ಘಂಟಿಚೋರ, ಲಂಬಾಣಿ ಮನೆಗಳ ಹಾಡುಗಾರರು, ಆಟದವರು, ಓದುವ ಹುಡುಗ-ಹುಡುಗಿಯರು, ಅವರ ಬೆನ್ನಿಗಿರುವ ಕೆಲವು ಶಿಕ್ಷಕರು.

ನಿಮಿತ್ತ: ಆಗಸ್ಟ್ 31, ವಿಮುಕ್ತ ದಿನ.

ಮಾನ್ಯರೇ,

ಹೊಲದ ಪಂಪ್‌ಸೆಟ್ ಕಳುವಾದರೆ ಜೀಪು ಮೊದಲು ಯಾರ ಓಣಿಗೆ ಬರುತ್ತದೆ ಅನ್ನುವುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನಿಜವಾದ ಕಳ್ಳ ಸಿಕ್ಕ ಮೇಲೆ ಅದೇ ಜೀಪು ತಿರುಗಿ ಬಂದು ತಪ್ಪಾಯಿತು ಅಂದದ್ದನ್ನು ಮಾತ್ರ ಯಾರೂ ಕಂಡಿಲ್ಲ. ಅಪ್ಪನನ್ನು ಎಬ್ಬಿಸಿ ಕರೆದೊಯ್ದದ್ದನ್ನು ಚಾದರದೊಳಗಿಂದ ನೋಡಿದ ಮಗು ಮರುದಿನ ಸಾಲಿಗೆ ಹೋಗಿ ಕೂಡುತ್ತದೆ. ಅದರ ತಲೆಯೊಳಗೆ ಏನು ನಡೆಯುತ್ತಿದೆ ಎಂದು ಕೇಳುವ ಹುದ್ದೆ ಯಾವ ಇಲಾಖೆಯಲ್ಲೂ ಇಲ್ಲ. ಈ ಪತ್ರ ಆ ಮಗುವಿನ ಸಲುವಾಗಿ ಬರೆದದ್ದು.

ನಮ್ಮ ಮೇಲಿನ ಮುದ್ರೆಗೆ ಕಾಗದಪತ್ರಗಳಿವೆ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟು ಕಾಯ್ದೆ ತಂದಿತು. ಕದ್ದವನನ್ನು ಹಿಡಿಯಲು ಬೇರೆ ಕಾಯ್ದೆಗಳಿದ್ದವು. ಇದು ಹುಟ್ಟಿದವನನ್ನೇ ಹಿಡಿಯಲು. 1911ರ ಹೊಸ ರೂಪದಲ್ಲಿ ಅದು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿ, ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಯೂ ಅದರೊಳಗೆ ಬಂತು. ಅದಕ್ಕೂ ಮುಂಚೆ, 1908ರಲ್ಲಿ, ಎಂ. ಕೆನೆಡಿ ಎಂಬ ಪೊಲೀಸ್ ಅಧಿಕಾರಿ ಆ ಪ್ರಾಂತದ ‘ಅಪರಾಧಿ ವರ್ಗ’ಗಳ ಬಗ್ಗೆ ಪುಸ್ತಕವನ್ನೇ ಬರೆದಿದ್ದ. ನಮ್ಮ ಜಿಲ್ಲೆಯ ಛಪ್ಪರಬಂದರಿಗೂ ಅದರಲ್ಲಿ ಜಾಗವಿದೆ, ಖೋಟಾ ನಾಣ್ಯದವರು ಎಂದು. 1686ರಲ್ಲಿ ಔರಂಗಜೇಬ ವಿಜಯಪುರವನ್ನು ಗೆದ್ದಾಗ ಅವನ ದಂಡಿಗೆ ಹುಲ್ಲಿನ ಛಪ್ಪರ ಹಾಕಲು ಬಂದವರು ಇವರು ಎಂಬುದು ಪ್ರತೀತಿ. ದಂಡು ಹೋಯಿತು, ಛಪ್ಪರದ ಕೆಲಸವೂ ಹೋಯಿತು, ಉಳಿದವರಿಗೆ ಹಚ್ಚಿದ ಹೆಸರು ಉಳಿಯಿತು. ಲಂಬಾಣಿಗಳ ಕಥೆಯೂ ಹೆಚ್ಚು ಬೇರೆಯಲ್ಲ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತುತ್ತಿದ್ದವರ ವ್ಯಾಪಾರವನ್ನು ರೈಲು ನುಂಗಿತು. 1880ರ ದಶಕದಲ್ಲಿ ಬಂದ ಹೋಟಗಿ–ಗದಗ ಹಾದಿ ಇಂದಿಗೂ ನಮ್ಮ ಮುಳವಾಡದ ಕಡೆಯಿಂದಲೇ ಹಾಯುತ್ತದೆ. ಕಸುಬು ಕಳೆದುಕೊಂಡು ಅಲೆಯುವವರೆಲ್ಲ ಆಳುವವರ ಕಣ್ಣಿಗೆ ಕಳ್ಳರಾಗಿ ಕಂಡರು.

ಈ ಕಾಯ್ದೆಯಡಿ ನಮ್ಮವರನ್ನು ಕೂಡಿಹಾಕುವ ಸೆಟ್ಲಮೆಂಟ್ ವಿಜಯಪುರದಲ್ಲಿತ್ತು. ಮುಂಬಯಿ ಪ್ರಾಂತದ ಮೊದಮೊದಲ ಸೆಟ್ಲಮೆಂಟುಗಳಲ್ಲಿ ಅದೂ ಒಂದು, ಒ.ಎಚ್.ಬಿ. ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿಯ ಉಸ್ತುವಾರಿಯಲ್ಲಿ ನಡೆದದ್ದು. ಹೆಬ್ಬೆಟ್ಟು, ಹಾಜರಿ, ಹೊರಗೆ ಹೋಗಲು ಚೀಟಿ. ಮಕ್ಕಳನ್ನು ಹೆತ್ತವರಿಂದ ಬೇರೆ ಇಡಲೂ ಕಾಯ್ದೆಯಲ್ಲಿ ದಾರಿಯಿತ್ತು. ಮುಂಬಯಿ ಸರ್ಕಾರ 1949ರಲ್ಲಿ ಆ ಕಾಯ್ದೆಯನ್ನು ತೆಗೆದುಹಾಕಿತು; ಇಡೀ ದೇಶದಲ್ಲಿ ರದ್ದಾದದ್ದು 1952ರ ಆಗಸ್ಟ್ 31ರಂದು. ನಮಗೆ ವಿಮುಕ್ತರು ಎಂಬ ಹೆಸರು ಬಂದದ್ದು ಅದರಿಂದ. ಅದೇ 1952ರಲ್ಲಿ ಫ್ರಾಂಟ್ಸ್ ಫಾನನ್ ಎಂಬ ಕರಿಯ ಮನೋವೈದ್ಯ ಪ್ಯಾರಿಸ್ಸಿನಲ್ಲಿ ಒಂದು ಪುಸ್ತಕ ಪ್ರಕಟಿಸಿ, ಬಣ್ಣದ ಮೇಲಿನ ತಿರಸ್ಕಾರ ತಿರಸ್ಕೃತನ ಮನಸ್ಸಿನೊಳಗೇ ಮನೆ ಕಟ್ಟಿಕೊಳ್ಳುವ ಬಗೆಯನ್ನು ವಿವರಿಸಿದ. ನಮ್ಮ ಹಿರಿಯರು ಅವನ ಹೆಸರು ಕೇಳಿರಲಿಲ್ಲ. ಕೇಳಿದ್ದರೆ, ಇಂವಾ ನಮ್ಮವನೇ ಅನ್ನುತ್ತಿದ್ದರೇನೋ.

ಜನಾಂಗೀಯ ತಾರತಮ್ಯ ಅಂದರೆ ಕರಿಯರು-ಬಿಳಿಯರದ್ದು, ನಮ್ಮಲ್ಲಿ ಅದಿಲ್ಲ ಎನ್ನುವವರಿದ್ದಾರೆ. ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿ 2002ರಲ್ಲೇ ವಂಶದ ಆಧಾರದ ತಾರತಮ್ಯ, ಜಾತಿಯೂ ಸೇರಿ, ಇದರಲ್ಲೇ ಬರುತ್ತದೆ ಎಂದಿದೆ. 2007ರಲ್ಲಿ ಅದೇ ಸಮಿತಿ ವಿಮುಕ್ತರ ಬೆನ್ನು ಬಿಡದ ರೂಢಿಗತ ಅಪರಾಧಿ ಕಾಯ್ದೆಯನ್ನು ತೆಗೆಯಿರಿ ಎಂದು ಭಾರತಕ್ಕೆ ಹೇಳಿತು. ಹುಟ್ಟಿನ ಮೇಲೆ ಗುಣ ಕಟ್ಟುವುದಕ್ಕೆ ಬೇರೆ ಹೆಸರು ಹುಡುಕುವ ಗೋಜಿಗೆ ನಾವು ಹೋಗುವುದಿಲ್ಲ.

ಇನ್ನು ಕಲೆಯ ಮಾತು. ಈ ನೆಲದಲ್ಲಿ ಸರ್ಕಾರದ ಕಾಗದವನ್ನು ಹಾಡು ಸೋಲಿಸಿದ ನಿದರ್ಶನವಿದೆ. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆ ಅಂದ ಹಲಗಲಿಯ ಬೇಡರನ್ನು ಕಂಪನಿ ಸರ್ಕಾರ ದಂಗೆಕೋರರು ಎಂದು ಬರೆದುಕೊಂಡಿತು. ಲಾವಣಿಕಾರರು ಅವರನ್ನು ವೀರರನ್ನಾಗಿ ಉಳಿಸಿದರು. ಆ ಲಾವಣಿಯನ್ನು ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್, ಬ್ರಿಟಿಷ್ ಸರ್ಕಾರದ್ದೇ ಅಧಿಕಾರಿ! ಜತ್ತ ಸೀಮೆಯ ಸಿಂಧೂರ ಲಕ್ಷ್ಮಣ ಪೊಲೀಸರ ಕಡತದಲ್ಲಿ ದರೋಡೆಕೋರ. ಕಂಪನಿ ನಾಟಕದಲ್ಲಿ ಅವನು ಬಡವರ ಬಂಧು. ಅವನು ಸಾಯುವ ದೃಶ್ಯಕ್ಕೆ ಜಾತ್ರೆಯ ಜನ ಇಂದಿಗೂ ಕಣ್ಣೊರೆಸಿಕೊಳ್ಳುತ್ತಾರೆ. ಹಾಗೆಂದು ಕಲೆ ಯಾವತ್ತೂ ನಮ್ಮ ಪರ ಇತ್ತೆಂದಲ್ಲ. ನಗಿಸುವ ಕಳ್ಳನ ಪಾತ್ರಕ್ಕೆ ನಮ್ಮ ಉಡುಪು, ನಮ್ಮ ಮಾತಿನ ಧಾಟಿ ಹಚ್ಚಿದ್ದೂ ಕಲೆಯೇ. ಕಾಯ್ದೆ ರದ್ದಾದ ಮೇಲೆ ಮುದ್ರೆಯನ್ನು ಹಸಿಯಾಗಿಟ್ಟದ್ದು ನಗೆಹಾಡು, ಗಾದೆ, ಕಟ್ಟೆಯ ಮೇಲಿನ ಚೇಷ್ಟೆ. ಆದ್ದರಿಂದಲೇ ಅದನ್ನು ಅಳಿಸುವ ಕೆಲಸವೂ ರಂಗದ ಮೇಲೆ ಆಗಬೇಕೆಂದು ಕೇಳುತ್ತಿದ್ದೇವೆ.

ನಮ್ಮ ಬೇಡಿಕೆಗಳು ಇವು.

1. ಮೊದಲು ಜೀಪು ನಿಲ್ಲಲಿ.

ಮೊದಲ ಬೇಡಿಕೆ ಕಲೆಯದ್ದಲ್ಲ, ಕ್ಷಮಿಸಿ. ರಾತ್ರಿ ಬಾಗಿಲು ಬಡಿಯುವ ಕೈ ನಿಲ್ಲದೆ ಹಗಲಲ್ಲಿ ಜಾಗೃತಿ ಗೀತೆ ಹಾಡಿಸಿದರೆ ಅದು ಗಾಯದ ಮೇಲೆ ಬಣ್ಣ ಬಳಿದಂತೆ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ದೆಹಲಿಯ ಒಂದು ಪ್ರಕರಣದಲ್ಲಿ, ಹಿಂದುಳಿದವರ ಮತ್ತು ಪರಿಶಿಷ್ಟರ ಹೆಸರುಗಳನ್ನು ಕೇವಲ ಸಮುದಾಯ ನೋಡಿ ಹಿಸ್ಟರಿ ಶೀಟಿಗೆ ಸೇರಿಸುವ ಚಾಳಿಯನ್ನು ಎತ್ತಿ ತೋರಿಸಿ, ಎಲ್ಲ ರಾಜ್ಯಗಳೂ ತಮ್ಮ ಪದ್ಧತಿಯನ್ನು ಪರಿಶೀಲಿಸಬೇಕೆಂದಿತು. ಅದೇ ವರ್ಷ ಅಕ್ಟೋಬರ್ 3ರ ಸುಕನ್ಯಾ ಶಾಂತಾ ಪ್ರಕರಣದ ತೀರ್ಪು ಜೈಲುಗಳ ಜಾತಿ ನಿಯಮಗಳನ್ನು ರದ್ದು ಮಾಡುವಾಗ ವಿಮುಕ್ತರ ಮೇಲಿನ ಹಳೆಯ ಮುದ್ರೆಯನ್ನೂ ವಿವರವಾಗಿ ಖಂಡಿಸಿತು. ಈ ಎರಡು ತೀರ್ಪುಗಳ ಬೆಳಕಿನಲ್ಲಿ ಜಿಲ್ಲೆಯ ಪ್ರತಿ ಠಾಣೆಯ ಪಟ್ಟಿಯ ಪರಿಶೀಲನೆ ಆಗಬೇಕು. ಆದದ್ದನ್ನು ಆಯಾ ಓಣಿಗೆ ಬಂದು, ಕನ್ನಡದಲ್ಲಿ, ಹಗಲಲ್ಲಿ ಹೇಳಬೇಕು.

2. ಆಟ ಊರ ಅಗಸಿಯಲ್ಲಿ ಆಗಬೇಕು.

ಜಾಗೃತಿ ಕಾರ್ಯಕ್ರಮ ಅಂದಕೂಡಲೇ ಇಲಾಖೆಯ ಗಾಡಿ ನಮ್ಮ ಓಣಿಗೆ, ತಾಂಡಾಕ್ಕೆ ಬರುತ್ತದೆ. ಬ್ಯಾನರ್ ಕಟ್ಟುತ್ತಾರೆ, ಬೀದಿನಾಟಕ ಆಡಿಸುತ್ತಾರೆ, ಫೋಟೊ ತೆಗೆದು ಹೋಗುತ್ತಾರೆ. ಅವಮಾನ ಅಂದರೇನು ಎಂದು ಅವಮಾನಿತರಿಗೇ ತಿಳಿಹೇಳುವ ಈ ಪದ್ಧತಿ ಯಾರ ತಲೆಯಿಂದ ಬಂತೋ! ನಮಗೆ ಅದರ ಪಾಠ ಬೇಡ, ಕಂಠಪಾಠವೇ ಆಗಿದೆ. ಕೇಳಬೇಕಾದವರು ಅಗಸಿಯ ಕಟ್ಟೆಯ ಮೇಲಿದ್ದಾರೆ, ಎ.ಪಿ.ಎಂ.ಸಿ. ಅಂಗಳದಲ್ಲಿದ್ದಾರೆ, ಸಹಕಾರಿ ಸಂಘದ ಸಭೆಯಲ್ಲಿ, ಠಾಣೆಯ ಆವರಣದಲ್ಲಿ, ಶಿಕ್ಷಕರ ತರಬೇತಿಯ ಹಾಲಿನಲ್ಲಿದ್ದಾರೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಇಂಥ ಪ್ರದರ್ಶನಗಳಲ್ಲಿ ಬಹುಪಾಲು ಅಲ್ಲಿಯೇ ಆಗಬೇಕು. ಜಾತ್ರೆಗಳಲ್ಲಿ ಒಂದು ರಾತ್ರಿ ನಮ್ಮ ಆಟಕ್ಕೆ ಬಿಟ್ಟುಕೊಡಬೇಕು. ಮೊಹರಂನಲ್ಲಿ ಎಲ್ಲ ಜಾತಿಯವರೂ ಕೂಡಿ ಅಲಾವಿನ ಸುತ್ತ ಹೆಜ್ಜೆ ಹಾಕುವ ಸೀಮೆ ನಮ್ಮದು. ಕೂಡಿ ಕೂತು ನೋಡುವುದು ಹೊಸ ಪದ್ಧತಿಯೇನೂ ಆಗುವುದಿಲ್ಲ.

1970ರ ದಶಕದ ಕೊನೆಗೆ ‘ಸಮುದಾಯ’ ತಂಡ ಬಿಹಾರದ ಬೆಲ್ಚಿ ಹತ್ಯಾಕಾಂಡವನ್ನು ಬೀದಿನಾಟಕ ಮಾಡಿ ಕರ್ನಾಟಕದ ಊರೂರು ತಿರುಗಿದಾಗ ಅದನ್ನು ನೋಡಿದವರು ಸಂತ್ರಸ್ತರಷ್ಟೇ ಆಗಿರಲಿಲ್ಲ. ಸಂತೆಗೆ ಬಂದವರು, ಬಸ್ಸಿಗೆ ನಿಂತವರು, ಅಂಗಡಿಯವರು ನೋಡಿದರು. ನಮಗೆ ಬೇಕಾದದ್ದು ಆ ಪ್ರೇಕ್ಷಕರು.

3. ಕಲಿಸುವವರು ಬರಲಿ, ಬರೆಯುವವರು ನಾವೇ ಇರಲಿ.

1998ರ ಫೆಬ್ರುವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಸಬರ್ ಎಂಬ ವಿಮುಕ್ತ ಸಮುದಾಯದ ಯುವಕ ಬಂಧನದಲ್ಲಿ ಸತ್ತ. ಮಹಾಶ್ವೇತಾ ದೇವಿ ಮತ್ತು ಗಣೇಶ್ ದೇವಿ ಆ ಪ್ರಕರಣವನ್ನು ಬೆನ್ನು ಹತ್ತಿದರು. ಅಹಮದಾಬಾದಿನ ಛಾರಾನಗರದ ಹುಡುಗರು, ಅವರೂ ‘ಹುಟ್ಟು ಕಳ್ಳ’ರ ಪಟ್ಟಿಯವರೇ, ಅದನ್ನು ನಾಟಕ ಮಾಡಿ ಅದೇ ವರ್ಷ ಆಡಿದರು. ಬುಧನ್ ಥಿಯೇಟರ್ ಹುಟ್ಟಿದ್ದು ಹಾಗೆ. ಛಾರಾ ಮನೆಗಳಿಂದ ನಟರು, ಸಿನೆಮಾ ಮಾಡುವವರು, ಪತ್ರಕರ್ತರು ಬಂದರು. ಗಣೇಶ್ ದೇವಿಯವರು ಆಮೇಲೆ ನಮ್ಮ ಧಾರವಾಡಕ್ಕೇ ಬಂದು ನೆಲೆಸಿದವರು. ಈ ದಾರಿಯನ್ನು ಕೇಳಿ ತಿಳಿಯಲು ಬಹಳ ದೂರ ಹೋಗಬೇಕಿಲ್ಲ. ಉತ್ತರ ಕನ್ನಡದ ಸಿದ್ದಿಗಳು, ಆಫ್ರಿಕಾ ಮೂಲದ ಮುಖ ಹೊತ್ತು ಕನ್ನಡನಾಡಿನಲ್ಲೇ ಪರಕೀಯರಂತೆ ಬಾಳಿದವರು, ನೀನಾಸಂ ರಂಗತರಬೇತಿಯ ಮೂಲಕ ವೇದಿಕೆಗೆ, ಸಿನೆಮಾಕ್ಕೆ ಬಂದದ್ದನ್ನೂ ನೋಡಿದ್ದೇವೆ.

ಆದ್ದರಿಂದ ವರ್ಷಕ್ಕೊಂದು ದೀರ್ಘ ರಂಗಶಿಬಿರವನ್ನು ಮೇಲೆ ಹೆಸರಿಸಿದ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ನಡೆಸಬೇಕು. ವಿಜಯಪುರದ ಕಂದಗಲ್ಲ ಹನಮಂತರಾಯ ರಂಗಮಂದಿರ ತಾಲೀಮಿಗೆ, ಪ್ರದರ್ಶನಕ್ಕೆ ಬಾಡಿಗೆ ಇಲ್ಲದೆ ಸಿಗಬೇಕು. ಮನೆಯಲ್ಲಾಡುವ ಭಾಷೆಗಳಲ್ಲಿ ನಾಟಕ ಆಡಲು ಅಡ್ಡಿ ಇರಬಾರದು. ಲಂಬಾಣಿ ಹೆಂಗಸರ ಢಾವಲೋ, ಹೋಳಿಯ ಲೇಂಗಿ, ಮೊಹರಂ ಪದ, ಗೀಗೀ ಪದ, ಹಲಗಿ ಎಲ್ಲ ನಮ್ಮಲ್ಲೇ ಇವೆ. ದುಃಖವನ್ನು ಗುಂಪಾಗಿ ಹಾಡಿ ಹಗುರ ಮಾಡಿಕೊಳ್ಳುವ ಉಪಾಯ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಹೊರಗಿನಿಂದ ಬಂದವರು ಬೆಳಕು, ಧ್ವನಿ, ರಂಗಚಲನೆ ಕಲಿಸಲಿ. ನಮ್ಮ ಕಥೆಯನ್ನು ನಮಗೆ ಬರೆದುಕೊಡುವ ತೊಂದರೆ ಮಾತ್ರ ತೆಗೆದುಕೊಳ್ಳದಿರಲಿ.

4. ಪಾತ್ರ ಮಾಡುವವನ ಮನಸ್ಸನ್ನೂ ಕಾಯಬೇಕು.

ಇದನ್ನು ಬಹಳ ಜನ ಯೋಚಿಸುವುದಿಲ್ಲ. ಒದೆ ತಿಂದವನೇ ರಂಗದ ಮೇಲೆ ಒದೆ ತಿನ್ನುವ ಪಾತ್ರ ಮಾಡುತ್ತಾನೆ. ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಅವನಿಗೆ ಅವತ್ತು ನಿದ್ದೆ ಬರುವುದಿಲ್ಲ. ಎದೆ ಡವಡವ ಅನ್ನುತ್ತದೆ, ಊಟ ಸೇರುವುದಿಲ್ಲ, ಸಣ್ಣ ಸಪ್ಪಳಕ್ಕೂ ಬೆಚ್ಚಿಬೀಳುತ್ತಾನೆ. ಕುಡಿತಕ್ಕೆ ಬಿದ್ದರೆ ‘ಈ ಜಾತಿಯವರೇ ಹೀಗೆ’ ಎಂಬ ಮಾತು ತಯಾರಿದೆ. ಗಾಯ ತೋರಿಸುವುದೇ ಔಷಧ ಎಂದು ನಂಬಿರುವ ಕಾರ್ಯಕರ್ತರಿಗೆ, ನಮ್ಮವರೂ ಸೇರಿ, ಹೇಳುತ್ತಿದ್ದೇವೆ: ಪ್ರತಿ ರಾತ್ರಿ ಅದೇ ಗಾಯ ಬಿಚ್ಚುವುದರಿಂದ ಅದು ಮಾಯುವುದಿಲ್ಲ.

ಹಾಗಾಗಿ ಇಲಾಖೆಯ ನೆರವಿನ ಪ್ರತಿ ತಂಡದ ಜೊತೆ ತರಬೇತಾದ ಆಪ್ತಸಮಾಲೋಚಕರೊಬ್ಬರು ಇರಬೇಕು. ಅವರ ಸಂಬಳ ಆರೋಗ್ಯ ಇಲಾಖೆಯದ್ದು. ಬದುಕಿರುವ ಯಾರ ನೋವನ್ನೂ ಅವರ ಒಪ್ಪಿಗೆಯಿಲ್ಲದೆ ರಂಗಕ್ಕೆ ತರಬಾರದು. ಒಪ್ಪಿದವರು ಆಟದ ಹಿಂದಿನ ದಿನ ಬೇಡ ಅಂದರೂ ಅದು ಬೇಡವೇ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ದೃಶ್ಯಗಳ ಬಗ್ಗೆ ತಂಡದ ಹೆಣ್ಣುಮಕ್ಕಳ ಮಾತೇ ಕೊನೆಯದು. ಆಟ ಮುಗಿದ ಮೇಲೆ ಅಂಗಳದಲ್ಲಿ ಕೂತು ಮಾತಾಡುವವರಿಗೆ ಹೊತ್ತು ಕೊಡಬೇಕು. ಪ್ರೇಕ್ಷಕರ ನಡುವೆಯೂ ಸುಮ್ಮನೆ ಕೂತು ಎದ್ದುಹೋಗಲಾರದವರು ಇರುತ್ತಾರೆ. ಅವರ ಸಲುವಾಗಿ, ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು ಎಂಬುದನ್ನು ಪ್ರತಿ ಆಟದ ಮೊದಲೂ ಕೊನೆಗೂ ಸಾರಬೇಕು.

5. ಸಂಭಾವನೆ.

ವಿಜಯಪುರದ ನವರಸಪುರ ಉತ್ಸವದಲ್ಲಿ ಹೊರಗಿನ ಹೆಸರಾಂತರಿಗೆ ಸಂಜೆಯ ವೇದಿಕೆ, ನಮ್ಮಂಥವರಿಗೆ ಮಧ್ಯಾಹ್ನದ ಬಿಸಿಲು ಮತ್ತು ಖಾಲಿ ಕುರ್ಚಿ ಎಂಬ ಲೆಕ್ಕ ಬೇಡ. ಸಂಜೆಯ ಹೊತ್ತು, ಸರಿಯಾದ ಹಣ, ಅದೂ ಆಟವಾದ ತಿಂಗಳೊಳಗೆ. ಹಲಗಿ ಬಾರಿಸುವವನನ್ನು ಸಾವಿಗೆ, ಜಾತ್ರೆಗೆ ಬಿಟ್ಟಿ ಕರೆಯುವ ಪದ್ಧತಿ ಎಲ್ಲಿ ಉಳಿದಿದೆಯೋ ಅಲ್ಲಿ ಅದನ್ನು ಪಂಚಾಯಿತಿ ನಿಲ್ಲಿಸಬೇಕು. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಅವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ಕಾಯಕಕ್ಕೆ ಕೂಲಿ ಕೊಡುವುದರಿಂದಲೇ ಆ ಘೋಷಣೆ ಶುರುವಾಗಲಿ.

6. ನಿಷೇಧ ಕೇಳುವುದಿಲ್ಲ.

ನಮ್ಮನ್ನು ಕಳ್ಳರೆಂದು ನಗಿಸುವ ನಾಟಕ, ರೀಲ್ಸು, ಕಾಮಿಡಿ ತುಣುಕುಗಳನ್ನು ನಿಷೇಧಿಸಿ ಎಂದು ಕೇಳಬೇಕೆಂದು ನಮ್ಮಲ್ಲೇ ಕೆಲವರು ಒತ್ತಾಯಿಸಿದರು. ಬಹಳ ಚರ್ಚೆಯಾಗಿ ಕೈಬಿಟ್ಟೆವು. ನಿಷೇಧದ ಲಾಠಿ ಕೊನೆಗೆ ಯಾರ ಬೆನ್ನಿಗೆ ಬೀಳುತ್ತದೆ ಎಂಬುದನ್ನು ನಮ್ಮಷ್ಟು ಬಲ್ಲವರು ಯಾರು? ಅಂಥ ಪ್ರದರ್ಶನಕ್ಕೆ ಸರ್ಕಾರದ ಅನುದಾನ ಹೋಗಬಾರದು, ಅಷ್ಟೇ. ಕಂಪನಿ ಮಾಲೀಕರೇ, ಹಾಸ್ಯನಟರೇ, ನಿಮ್ಮ ಜೊತೆ ಕೂತು ಮಾತಾಡಲು ನಾವು ಸಿದ್ಧ. ನಗಿಸಲು ಬೇರೆ ಸಾವಿರ ಸಂಗತಿಗಳಿವೆ. ಕಂತು ಕಟ್ಟಲಾರದ ಸಾಹುಕಾರನಿಂದ ಶುರುಮಾಡಬಹುದು.

7. ತರಗತಿಯಲ್ಲಿ ಜಾತಿ ಕೂಗಬೇಡಿ.

ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವಾಗ ‘ಆ ಜಾತಿಯವರು ಕೈ ಎತ್ತಿ’ ಎನ್ನುವ ರೂಢಿ ಇನ್ನೂ ಹೋಗಿಲ್ಲ. ವಿಶ್ವಬ್ಯಾಂಕಿನ ಸಂಶೋಧಕಿಯರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಯ ಆರು-ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹದಂಥ ಒಗಟು ಬಿಡಿಸಲು ಕೊಟ್ಟು, ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ಜಾತಿ ಎತ್ತದಿದ್ದಾಗ ಮೇಲು-ಕೆಳಜಾತಿಯ ಹುಡುಗರು ಹೆಚ್ಚುಕಡಿಮೆ ಸಮನಾಗಿ ಬಿಡಿಸಿದರು. ಹೆಸರಿನ ಜೊತೆ ಜಾತಿಯನ್ನೂ ಎಲ್ಲರೆದುರು ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಲೆಕ್ಕ ಇಳಿದುಹೋಯಿತು. ಒಗಟು ಅದೇ ಇತ್ತು, ಕೂತವರೂ ಅಂಥವರೇ. ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಕರಿಯ ಮಕ್ಕಳ ಮುಂದೆ ಕಪ್ಪು-ಬಿಳಿ ಬೊಂಬೆ ಇಟ್ಟು ಕೇಳಿದಾಗ ಬಹಳ ಮಕ್ಕಳು ಬಿಳಿ ಬೊಂಬೆಯೇ ಒಳ್ಳೆಯದು ಅಂದವು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬೇರೆ-ಬೇರೆ ಶಾಲೆಗಳ ಪದ್ಧತಿಯನ್ನು ತಳ್ಳಿಹಾಕುವಾಗ ಆ ಅಧ್ಯಯನವನ್ನೂ ಗಮನಿಸಿತು.

ಜಾತಿಯ ವಿವರವನ್ನು ಮುಖ್ಯಗುರುಗಳ ಕೋಣೆಯಲ್ಲಿ, ಪಾಲಕರಿಂದ, ಕಾಗದದ ಮೇಲೆ ಪಡೆಯಿರಿ. ಪೆನ್ನು ಕಳೆದರೆ ಮೊದಲು ನಮ್ಮ ಮಕ್ಕಳ ಚೀಲ ಜಾಲಾಡಿಸುವ ಶಿಕ್ಷಕರ ಮೇಲೆ ಕ್ರಮವಾಗಲಿ. ಅರವಿಂದ ಮಾಲಗತ್ತಿಯವರು ಹುಟ್ಟಿದ್ದು ಇದೇ ಮುದ್ದೇಬಿಹಾಳದಲ್ಲಿ. ಅವರ ‘ಗೌರ್ಮೆಂಟ್ ಬ್ರಾಹ್ಮಣ’ ಇಲ್ಲಿನ ಪ್ರೌಢಶಾಲೆಗಳ ಗ್ರಂಥಾಲಯದಲ್ಲಿರಬೇಕು, ಮೊದಲು ಶಿಕ್ಷಕರು ಓದಬೇಕು. ಲಕ್ಷ್ಮಣ ಗಾಯಕವಾಡರ ಆತ್ಮಕಥೆ ‘ಉಚಲ್ಯಾ’ ಕನ್ನಡಕ್ಕೆ ಬಂದು ಎಷ್ಟೋ ಕಾಲವಾಯಿತು; ಅದೂ ಇರಲಿ.

8. ಆಟ ನೋಡಿ ಎದ್ದು ಬಂದವನಿಗೆ ಆಸ್ಪತ್ರೆಯ ಬಾಗಿಲು ತೆರೆದಿರಬೇಕು.

ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿದ ಕೆಲಸ. ಆ ಹೆಮ್ಮೆ ಇದ್ದರೆ ಸಾಲದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಜಾತಿ, ವರ್ಗ, ಧರ್ಮದ ಭೇದವಿಲ್ಲದ ಚಿಕಿತ್ಸೆಯನ್ನು ಹಕ್ಕು ಎಂದಿದೆ. ತಾಲ್ಲೂಕು ಆಸ್ಪತ್ರೆಗಳ ಮನೋಚೈತನ್ಯ ಕ್ಲಿನಿಕ್ ಹೇಳಿದ ದಿನ ತಪ್ಪದೆ ನಡೆಯಬೇಕು. ಬರೆದುಕೊಟ್ಟ ಗುಳಿಗೆ ಅಲ್ಲಿಯೇ ಸಿಗಬೇಕು. ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿಬರುವ ಖರ್ಚು ಕೂಲಿಯವನಿಂದ ಆಗದು. ನಮ್ಮ ಸಮುದಾಯಗಳ ಓದಿದ ಹೆಣ್ಣುಮಕ್ಕಳನ್ನು ಆಪ್ತಸಮಾಲೋಚನೆಗೆ ತರಬೇತಿ ಕೊಟ್ಟು ನೇಮಿಸಬೇಕು. ವೈದ್ಯರು ‘ಮೈ ಕೈ ನೋವು’ ಎಂದವನಿಗೆ ನೋವಿನ ಗುಳಿಗೆ ಬರೆಯುವ ಮೊದಲು ಮನೆಯಲ್ಲಿ ಏನಾಯಿತು ಎಂದು ಒಂದು ಮಾತು ಕೇಳಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವಾರ್ಷಿಕ ಆತ್ಮಹತ್ಯಾ ವರದಿಯಲ್ಲಿ ಓದು, ವೃತ್ತಿ, ವಯಸ್ಸಿನ ಕೋಷ್ಟಕಗಳಿವೆ, ಸಮುದಾಯದ್ದಿಲ್ಲ. ಜಿಲ್ಲಾ ಮಟ್ಟದಲ್ಲಾದರೂ, ಹೆಸರು ಗುಟ್ಟಾಗಿಟ್ಟು, ಆ ಲೆಕ್ಕ ಬರೆದಿಡಿ.

9. ಗೋವಾಕ್ಕೂ ಒಂದು ಆಟ.

ದುಡಿಯಲು ಗೋವಾಕ್ಕೆ ಹೋದ ನಮ್ಮ ಜಿಲ್ಲೆಯವರು, ಯಾವ ಜಾತಿಯವರೇ ಆಗಲಿ, ಅಲ್ಲಿಯವರ ಹೀಯಾಳಿಕೆಯಲ್ಲಿ ‘ಘಾಟಿ’ಗಳು. ಅಲ್ಲಿನ ಬೈನಾದಲ್ಲಿ ಕನ್ನಡಿಗರ ಗುಡಿಸಲು ಕೆಡವಿದಾಗ ಮೇಲುಜಾತಿ-ಕೆಳಜಾತಿ ಎಂದು ಬುಲ್ಡೋಜರ್ ಕೇಳಲಿಲ್ಲ. ಊರಲ್ಲಿ ನಮ್ಮನ್ನು ಕಳ್ಳರೆನ್ನುವವರೂ ಅಲ್ಲಿಗೆ ಹೋದಾಗ ಅನುಮಾನದ ಕಣ್ಣಿಗೆ ಬೀಳುತ್ತಾರೆ. ಕರ್ನಾಟಕ ಸರ್ಕಾರ ಗೋವಾದ ಕನ್ನಡ ಸಂಘಟನೆಗಳೊಡನೆ ಮಾತಾಡಿ ಈ ನಾಟಕಗಳನ್ನು ಅಲ್ಲಿಗೂ ಕಳಿಸಬೇಕು, ಕೊಂಕಣಿಯಲ್ಲೂ ಆಡಿಸಬೇಕು. ಊರಿನ ಹಿರಿಯರಲ್ಲಿ ಒಂದು ವಿನಂತಿ: ಮಗ ವಾಸ್ಕೋದಿಂದ ಫೋನ್ ಮಾಡಿ ಅತ್ತಾಗ ನಿಮಗೆ ಆದ ಸಂಕಟವನ್ನು ನಮ್ಮ ಆಟಕ್ಕೆ ಬರುವಾಗ ಜೊತೆಗೆ ತನ್ನಿ.

10. ಸೆಟ್ಲಮೆಂಟಿನ ಇತಿಹಾಸಕ್ಕೆ ಒಂದು ಕೋಣೆ.

ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಸುಲ್ತಾನರಿದ್ದಾರೆ. ನಗರದಲ್ಲಿ ಎಲ್ಲಿಯಾದರೂ ಒಂದು ಕೋಣೆಯಲ್ಲಿ ಹಾಜರಿಗೆ ಸಾಲು ನಿಂತವರೂ ಇರಲಿ. ಮುಂಬಯಿಯ ಪತ್ರಾಗಾರದಲ್ಲಿ ಇರುವಷ್ಟು ಕಾಗದಗಳ ಪ್ರತಿ ತರಿಸಿ, ನೆನಪುಳ್ಳ ಮುದುಕ-ಮುದುಕಿಯರ ಮಾತು ಧ್ವನಿಮುದ್ರಿಸಿ ಇಡಿ. ಅವರು ಹೆಚ್ಚು ದಿನ ಕಾಯಲಾರರು.

11. ಈ ಪತ್ರಕ್ಕೆ ಉತ್ತರ.

‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲಿನ ಹಿಂಬರಹ ನಮಗೆ ಸಾಲದು. ಯಾವ ಬೇಡಿಕೆಗೆ ಯಾವ ಇಲಾಖೆ, ಯಾವ ಅಧಿಕಾರಿ, ಯಾವ ತಿಂಗಳೊಳಗೆ ಎಂದು ಬರೆದು ಕಳಿಸಿ. ಆಗದು ಎಂದಾದರೆ ಅದನ್ನೂ ಕಾರಣ ಸಹಿತ ಬರೆಯಿರಿ. ಉತ್ತರವನ್ನು ಮುಳವಾಡದ ಪಂಚಾಯಿತಿ ಕಚೇರಿಯ ಫಲಕಕ್ಕೆ ಹಚ್ಚಿ. ಓದು ಬಾರದವರಿಗೆ ನಾವು ಓದಿ ಹೇಳುತ್ತೇವೆ.

ಮುಳವಾಡದ ಅಗಸಿಯಲ್ಲಿ ನಮ್ಮ ಮೊದಲ ಆಟ ಆಡಲು ಪೊಲೀಸ್ ಪರವಾನಗಿ ಕೋರುವ ಅರ್ಜಿಯನ್ನು ಈ ಪತ್ರದ ಜೊತೆಗೇ ಲಗತ್ತಿಸಿದ್ದೇವೆ. ಠಾಣೆಯವರು ಅದನ್ನು ಬಂದೋಬಸ್ತಿಗೆ ಬಂದು ನೋಡುವ ಬದಲು ಮನೆಮಂದಿಯನ್ನು ಕರೆದುಕೊಂಡು ಮುಂದಿನ ಸಾಲಿನಲ್ಲಿ ಕೂತು ನೋಡಬೇಕೆಂದು ಕೋರುತ್ತೇವೆ.